ಪ್ಯಾನಲ್ ಮೇಲೆ ಗೀರು ಬೀಳದ ಹಾಗೆ ಸ್ವಿಚ್ ಕೂರಿಸುವುದು

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಮನೆಯವರೆಲ್ಲ ಮಲಗಿದ್ದಾಗ, ನಾನು ಹೊಸ ಸಿಂಥಸೈಸರ್ (ಕರೆಂಟಿನಿಂದ ನಾದ ಹುಟ್ಟಿಸುವ ಪೆಟ್ಟಿಗೆ) ಕಿಟ್ಟಿನ ಕಪ್ಪು ಪ್ಯಾನಲ್ ಮೇಲೆ ಎರಡನೇ ಸ್ವಿಚ್ಚಿನ ನಟ್ ಬಿಗಿ ಮಾಡುತ್ತಿದ್ದೆ. ಕೈಯಲ್ಲಿದ್ದದ್ದು ಕಟಿಂಗ್ ಪ್ಲೇಯರ್. ಇನ್ನು ಕಾಲು ಸುತ್ತು ತಿರುಗಿಸಿದರೆ ಸಾಕು ಅನ್ನುವಾಗ ಪ್ಲೇಯರಿನ ಬಾಯಿ ನಟ್ಟಿನ ಮೂಲೆಯಿಂದ ಜಾರಿತು. ಕರ್ ಅಂತ ಒಂದು ಸಣ್ಣ ಸದ್ದು, ಅಷ್ಟೇ. ನೋಡಿದರೆ ನಟ್ಟಿನ ಪಕ್ಕದಿಂದ ಶುರುವಾಗಿ, ಬಿಳಿ ಬಣ್ಣದಲ್ಲಿ ಅಚ್ಚಾಗಿದ್ದ 2 ಅನ್ನೋ ಅಂಕಿಯ ಹೊಟ್ಟೆ ಸೀಳಿಕೊಂಡು, ಒಂದೂವರೆ ಸೆಂಟಿಮೀಟರ್ ಉದ್ದದ ಬೆಳ್ಳಿ ಗೆರೆ. ಬೆರಳಿನಿಂದ ಉಜ್ಜಿದೆ. ಒದ್ದೆ ಬಟ್ಟೆಯಿಂದ ಉಜ್ಜಿದೆ. ಅದು ಕೊಳೆ ಆಗಿದ್ದರೆ ತಾನೆ ಹೋಗೋದು?

ಆವತ್ತು ಕೆಲಸ ಅಲ್ಲಿಗೇ ನಿಲ್ಲಿಸಿದೆ. ಉಳಿದ ಎರಡು ಸ್ವಿಚ್ ಕೂರಿಸುವ ಮೊದಲು ಈ ಕೆಲಸ ಸರಿಯಾಗಿ ಹೇಗೆ ಮಾಡೋದು ಅಂತ ಕಲಿಯಬೇಕು ಅನ್ನಿಸಿತು. ಒಂದು ತಿಂಗಳು ಹಳೇ ತುಂಡು ಪ್ಯಾನಲ್‌ಗಳ ಮೇಲೆ ಕೈ ಪಳಗಿಸಿ, ತಿಳಿದವರನ್ನು ಕೇಳಿ, ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕನ್ನಡದಲ್ಲಿ ಇದರ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಕಿಟ್ ತರಿಸಿ ಮನೆಯಲ್ಲೇ ಸಿಂಥಸೈಸರ್ ಕಟ್ಟುವವರು ಮೈಸೂರಲ್ಲೂ ಇದ್ದಾರೆ, ಅವರಿಗಾದರೂ ಉಪಯೋಗಕ್ಕೆ ಬರಲಿ.

ಮೊದಲು ಈ ಪೆಟ್ಟಿಗೆ ಏನು ಅಂತ ಹೇಳಿಬಿಡುತ್ತೇನೆ. ಇದು ಕುವೆಂಪುನಗರದಲ್ಲಿರುವ ನಮ್ಮ ಅತ್ತೆಗೆ. ಅವರು ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಶ್ರುತಿ ಪೆಟ್ಟಿಗೆ ಅವರ ಹತ್ತಿರ ಇದೆ, ಚೆನ್ನಾಗಿಯೇ ಇದೆ. ಆದರೆ ಅವರಿಗೆ ಬೇಕಾಗಿದ್ದು ಬೇರೆ. ತಂಬೂರಿಯ ನಾಲ್ಕು ತಂತಿ ಒಟ್ಟಿಗೆ ನುಡಿಯುವಾಗ ಚಿಕ್ಕ ಮಕ್ಕಳಿಗೆ ಯಾವುದು ಪಂಚಮ, ಯಾವುದು ಸಾರಣೆ ಅಂತ ಬಿಡಿಸಿ ಕೇಳಿಸುವುದಿಲ್ಲ. "ಒಂದೊಂದೇ ತಂತಿ ನಿಲ್ಲಿಸಿ, ಮತ್ತೆ ಒಂದೊಂದೇ ಸೇರಿಸೋ ಹಾಗೆ ಏನಾದ್ರೂ ಮಾಡಿಕೊಡೋಕಾಗುತ್ತೇನೋ?" ಅಂತ ಕೇಳಿದರು. ಆಗ ನೆನಪಾಗಿದ್ದು ನಾಲ್ಕು ಆಸಿಲೇಟರ್, ಅಂದರೆ ನಾದ ಹುಟ್ಟಿಸುವ ಸರ್ಕ್ಯೂಟ್, ಇರುವ ಡ್ರೋನ್ ಕಿಟ್. ಡ್ರೋನ್ ಅಂದರೆ ತಂಬೂರಿಯ ಹಾಗೆ ಒಂದೇ ಸಮನೆ ನುಡಿಯುವ ಶ್ರುತಿ. ಒಂದೊಂದು ಆಸಿಲೇಟರಿಗೂ ಒಂದೊಂದು ಸ್ವಿಚ್. ಪಂಚಮ, ಸಾರಣೆ, ಅನುಸಾರಣೆ, ಮಂದ್ರ. ನಾಲ್ಕು ಸ್ವಿಚ್ ಸಾಲಾಗಿ. ಅನಲಾಗ್ ಆಸಿಲೇಟರ್ ಆದ್ದರಿಂದ ಹಚ್ಚಿ ಸ್ವಲ್ಪ ಹೊತ್ತು ಬೆಚ್ಚಗಾಗಲು ಬಿಟ್ಟು ಆಮೇಲೆ ಶ್ರುತಿ ಮಾಡಬೇಕು. ಅತ್ತೆಗೆ ಅದೇನೂ ಹೊಸದಲ್ಲ, ತಂಬೂರಿಯನ್ನೂ ಹಾಗೇ ಕಾದು ಕಾದು ಶ್ರುತಿ ಮಾಡಿದವರು.

ಸಿಂಥಸೈಸರ್ ಅಂದರೆ ನಮ್ಮ ಕಡೆ ಎಲ್ಲರಿಗೂ ಕೀಬೋರ್ಡೇ ನೆನಪಿಗೆ ಬರುತ್ತದೆ. ಬರೀ ಗುಂಡಿ, ಸ್ವಿಚ್, ವೈರುಗಳ ಪೆಟ್ಟಿಗೆ ಅಂದರೆ ವಿಚಿತ್ರವಾಗಿ ನೋಡುತ್ತಾರೆ. ಆದರೆ ಭಾರತಕ್ಕೆ ಇದು ಹೊಸದೇನೂ ಅಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಅನ್ನುವ ಅಮೆರಿಕದ ಸಂಗೀತಗಾರರು ಮೂಗ್ ಸಿಂಥಸೈಸರ್ ತಂದು ಸ್ಟುಡಿಯೋ ಕಟ್ಟಿಕೊಟ್ಟಿದ್ದರು. ಸಂಗೀತಗಾರ್ತಿ ಗೀತಾ ಸಾರಾಭಾಯಿ ಅಂಥವರು ಅಲ್ಲಿ ಕೂತು ಕೆಲಸ ಮಾಡಿದ್ದರು. ನಾನು ಕಟ್ಟುತ್ತಿರೋದು ಅದರ ಮೊಮ್ಮಗು ಅನ್ನಬಹುದು. ಈಗಿನ ಕಿಟ್‌ಗಳೆಲ್ಲ ಹೆಚ್ಚಾಗಿ ಯೂರೋರ‍್ಯಾಕ್ ಅಳತೆಯಲ್ಲಿ ಬರುತ್ತವೆ. ಜರ್ಮನಿಯ ಡೋಪ್ಫರ್ ಕಂಪನಿ 1990ರ ದಶಕದ ನಡುವಿನಲ್ಲಿ ಶುರು ಮಾಡಿದ ಅಳತೆ ಅದು. ಪ್ಯಾನಲ್ ಎತ್ತರ 128.5 ಮಿಲಿಮೀಟರ್. ಅಗಲವನ್ನು ಎಚ್‌ಪಿ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಎಚ್‌ಪಿ ಅಂದರೆ 5.08 ಮಿಲಿಮೀಟರ್. ಅಷ್ಟು ಚಿಕ್ಕ ಜಾಗದಲ್ಲಿ ನಾಬು, ವೈರು ಚುಚ್ಚುವ ಜ್ಯಾಕು, ಸ್ವಿಚ್ಚು ಎಲ್ಲ ಒತ್ತೊತ್ತಾಗಿ ಕೂರಬೇಕು. ಅದಕ್ಕೇ ಟೂಲ್ ಆಡಿಸಲು ಜಾಗ ಇರುವುದಿಲ್ಲ, ಅದಕ್ಕೇ ಗೀರು ಬೀಳುವುದು.

ಗೀರು ಬಿದ್ದ ಮೇಲೆ ಆ ಕಪ್ಪು ಬಣ್ಣ ಏನು ಅಂತ ಓದಿಕೊಂಡೆ. ಅದು ಬಳಿದ ಬಣ್ಣವೇ ಅಲ್ಲ. ಅನೋಡೈಸ್ ಮಾಡಿದ ಅಲ್ಯೂಮಿನಿಯಂ. ಲೋಹವನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿದಾಗ ಅದರ ಮೇಲ್ಮೈಯೇ ಆಕ್ಸೈಡ್ ಆಗಿ ಬದಲಾಗುತ್ತದೆ, ಆ ಪದರದ ಸಣ್ಣ ಸಣ್ಣ ರಂಧ್ರಗಳೊಳಗೆ ಬಣ್ಣ ಇಳಿಸಿ ಮುಚ್ಚುತ್ತಾರೆ. ಪದರದ ದಪ್ಪ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್, ಅಂದರೆ ಈ ಪದರ ತಲೆಕೂದಲಿಗಿಂತ ತೆಳು. ಪದರ ಗಟ್ಟಿ, ಆದರೆ ಅದರ ಕೆಳಗಿನ ಅಲ್ಯೂಮಿನಿಯಂ ಮೆತ್ತಗೆ. ಚೂಪಾದ ಉಕ್ಕಿನ ಮೂಲೆ ಒಂದೇ ಕಡೆ ಒತ್ತಿದಾಗ ಕೆಳಗಿನ ಲೋಹ ತಗ್ಗುತ್ತದೆ, ಮೇಲಿನ ಪದರ ಒಡೆಯುತ್ತದೆ. ಚಪಾತಿ ಹಿಟ್ಟಿನ ಮೇಲೆ ಹಪ್ಪಳ ಇಟ್ಟು ಬೆರಳಿನಿಂದ ಒತ್ತಿದ ಹಾಗೆ. ಒಡೆದ ಪದರವನ್ನು ಮನೆಯಲ್ಲಿ ಮತ್ತೆ ಬೆಳೆಸಲಾಗದು. ಕಪ್ಪು ಮಾರ್ಕರ್ ಹಚ್ಚಿದರೆ ದೂರದಿಂದ ಮುಚ್ಚುತ್ತದೆ, ಆದರೆ ಬೆಳಕು ಓರೆಯಾಗಿ ಬಿದ್ದಾಗ ನೇರಳೆ ಹೊಳಪು ಕಾಣುತ್ತದೆ. ನಾನು ಹಚ್ಚಿ ನೋಡಿದೆ, ಇಷ್ಟವಾಗಲಿಲ್ಲ, ಸ್ಪಿರಿಟ್ ಹಾಕಿ ಒರೆಸಿಬಿಟ್ಟೆ.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ಎಲೆಕ್ಟ್ರಾನಿಕ್ಸ್ ಗೊತ್ತಿದ್ದವರಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಇನ್ಲೇ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಬೀಟೆ ಮರದಲ್ಲಿ ಆನೆ, ಅಂಬಾರಿ, ಬಳ್ಳಿ ಕೂರಿಸುವ ಮೈಸೂರಿನ ಆ ಹಳೇ ಕೆಲಸ. ಪೆಟ್ಟಿಗೆಗೆ ಪಕ್ಕದ ಹಲಗೆ ಮಾಡಿಸೋಣ ಅಂತ ಅವರ ಹತ್ತಿರ ಹೋದಾಗ ಪ್ಯಾನಲ್ ತೋರಿಸಿ ಕೇಳಿದೆ. "ಯಜಮಾನ್ರೇ, ನೀವು ಪಾಲಿಶ್ ಮಾಡಿದ ಪೆಟ್ಟಿಗೆಗೆ ಕೀಲು, ಚಿಲಕ ಹಾಕ್ತೀರಲ್ಲ, ಒಂದು ಗೀರೂ ಬೀಳಲ್ವಲ್ಲ, ಹೇಗೆ?"

ಅವರು ಪ್ಯಾನಲ್ ಕೈಗೆ ತಗೊಂಡು, ಕಿಟಕಿ ಕಡೆ ಹಿಡಿದು, ಗೀರಿನ ಮೇಲೆ ಉಗುರು ಆಡಿಸಿ ನೋಡಿದರು. "ಪಾಲಿಶ್ ಆದ್ಮೇಲೆ ಹಾಕ್ತೀವಿ ಅಂತ ಯಾರಪ್ಪ ಹೇಳಿದ್ದು? ಮೊದಲೇ ಎಲ್ಲಾ ಕೂರಿಸ್ತೀವಿ. ಅಳತೆ ಸರಿಯಾಯ್ತು ಅಂದ್ಮೇಲೆ ಬಿಚ್ಚಿಡ್ತೀವಿ. ಪಾಲಿಶ್ ಆದ್ಮೇಲೆ ಸುಮ್ನೆ ವಾಪಸ್ ಇಡೋದಷ್ಟೇ. ಅಲ್ಲಿ ಬಲ ಹಾಕೋ ಕೆಲಸವೇ ಇರಬಾರದು." ಆಮೇಲೆ ಪ್ಯಾನಲ್ ತಿರುಗಿಸಿ ಹಿಂದಿನ ಬದಿ ನೋಡಿ ಕೇಳಿದರು: "ಇದನ್ನ ಈ ಕಡೆಯಿಂದ ಬಿಗಿ ಮಾಡೋಕೆ ಬರಲ್ವಾ? ಯಾರೂ ನೋಡದಿರೋ ಕಡೆ ಬಿಗಿ ಮಾಡಪ್ಪ."

ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಸ್ವಿಚ್ಚಿನ ಜೊತೆ ಎರಡು ನಟ್ ಯಾಕೆ ಕೊಡುತ್ತಾರೆ ಅಂತ ನಾನು ಅಲ್ಲಿಯವರೆಗೆ ಯೋಚನೆಯೇ ಮಾಡಿರಲಿಲ್ಲ. ಒಂದನ್ನು ಹಾಕಿ ಇನ್ನೊಂದನ್ನು ಡಬ್ಬಿಗೆ ಎಸೆಯುತ್ತಿದ್ದೆ. ನಮ್ಮಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ.

ಹಿಂದಿನ ನಟ್ಟಿಗೆ ಎರಡು ಕೆಲಸ. ಸ್ವಿಚ್ಚಿನ ಕತ್ತು, ಅಂದರೆ ನಟ್ ಕೂರುವ ಥ್ರೆಡ್ ಇರುವ ಭಾಗ, ಪ್ಯಾನಲ್‌ನಿಂದ ಎಷ್ಟು ಮೇಲೆ ಬರಬೇಕು ಅನ್ನೋದನ್ನು ಅದು ತೀರ್ಮಾನ ಮಾಡುತ್ತದೆ, ಮತ್ತೆ ಬಿಗಿಯನ್ನೆಲ್ಲ ಹಿಂದಿನ ಬದಿಯಲ್ಲೇ ಹಿಡಿದಿಡುತ್ತದೆ. ವೈರು ಹಾಕಿ ಕೂರಿಸುವ ಸ್ವಿಚ್ ಆದರೆ ಕೂರಿಸುವ ಕ್ರಮ ಹೀಗೆ: ಮೊದಲು ಹಿಂದಿನ ನಟ್, ಅದರ ಮೇಲೆ ಹಲ್ಲಿನ ವಾಷರ್, ಆಮೇಲೆ ಪ್ಯಾನಲ್, ಮುಂದೆ ಒಂದು ತೆಳು ಮೆತ್ತನೆಯ ವಾಷರ್, ಕೊನೆಗೆ ಮುಂದಿನ ನಟ್. ಮುಂದಿನ ನಟ್ಟನ್ನು ಬೆರಳಲ್ಲೇ ತಿರುಗಿಸಿ ಪ್ಯಾನಲ್‌ಗೆ ತಾಗಿಸಬೇಕು. ಅದನ್ನು ಬಾಕ್ಸ್ ಸ್ಪ್ಯಾನರಿನಲ್ಲಿ (ನಟ್ಟಿನ ಮೇಲೆ ಟೊಪ್ಪಿಯ ಹಾಗೆ ಕೂರುವ ಕೊಳವೆ ಸ್ಪ್ಯಾನರ್) ಅಲ್ಲಾಡದ ಹಾಗೆ ಹಿಡಿದುಕೊಳ್ಳಬೇಕು. ತಿರುಗಿಸುವುದು ಹಿಂದಿನ ನಟ್ಟನ್ನು, ತೆಳು ಓಪನ್ ಸ್ಪ್ಯಾನರಿನಿಂದ. ಮುಂದೆ ಏನೂ ತಿರುಗುವುದಿಲ್ಲ. ಏನೂ ತಿರುಗದಿದ್ದರೆ ಪ್ಯಾನಲ್ ಮೇಲೆ ಉಂಗುರದ ಗುರುತೂ ಬೀಳುವುದಿಲ್ಲ. ಗೀರು ಮಾಡೋದು ಬಲಕ್ಕಿಂತ ಜಾಸ್ತಿ ಉಜ್ಜಾಟ. ಲೋಹ ಲೋಹದ ಮೇಲೆ ನಿಂತಲ್ಲೇ ನಿಂತು ಒತ್ತಿದರೆ ಪದರ ತಡೆಯುತ್ತದೆ, ಒತ್ತುತ್ತಾ ಸುತ್ತಿದರೆ ತಡೆಯುವುದಿಲ್ಲ.

ಹಲ್ಲಿನ ವಾಷರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದನ್ನು ಮುಂದೆ ಹಾಕಿದ ಎಷ್ಟೋ ಪೆಟ್ಟಿಗೆ ನೋಡಿದ್ದೇನೆ. ಆ ಹಲ್ಲುಗಳು ಇರುವುದೇ ಕಚ್ಚುವುದಕ್ಕೆ. ಮುಂದೆ ಹಾಕಿದರೆ ನಮ್ಮ ಚಂದದ ಮೇಲ್ಮೈಯನ್ನೇ ಕಚ್ಚುತ್ತವೆ, ಆಮೇಲೆ ಯಾವತ್ತಾದರೂ ಸ್ವಿಚ್ ಬಿಚ್ಚಿದರೆ ಸುತ್ತಲೂ ಚುಕ್ಕಿ ಚುಕ್ಕಿ ಗಾಯ. ಹಿಂದೆ ಹಾಕಿದರೆ ಅದೇ ಕಚ್ಚು ಒಳ್ಳೆಯದು. ಯಾಕಂದರೆ ಅನೋಡೈಸ್ ಪದರ ಕರೆಂಟ್ ಹರಿಯಲು ಬಿಡುವುದಿಲ್ಲ. ಹಲ್ಲುಗಳು ಹಿಂದಿನ ಪದರವನ್ನು ಕೊರೆದು ಅಲ್ಯೂಮಿನಿಯಂ ಮುಟ್ಟಿದಾಗ ಸ್ವಿಚ್ಚಿನ ಲೋಹದ ಕತ್ತು ಪ್ಯಾನಲ್‌ಗೆ ಸೇರಿಕೊಳ್ಳುತ್ತದೆ, ಪ್ಯಾನಲ್ ಅರ್ಥ್ ಆಗಿದ್ದರೆ ಗುಂಯ್ ಅನ್ನೋ ಶಬ್ದ ಕಡಿಮೆಯಾಗಲು ಅದೂ ಸಹಾಯ. ಇನ್ನೊಂದು, ಸ್ವಿಚ್ ತನ್ನಷ್ಟಕ್ಕೆ ತಿರುಗದ ಹಾಗೆ ಅದೇ ಹಿಡಿಯುತ್ತದೆ. ಮಕ್ಕಳು ದಿನಕ್ಕೆ ನೂರು ಸಲ ಟಕ್ ಟಕ್ ಅನ್ನಿಸುವ ಸ್ವಿಚ್ಚಿಗೆ ಈ ಹಿಡಿತ ಬೇಕೇ ಬೇಕು. ಸಡಿಲವಾದ ಸ್ವಿಚ್ಚನ್ನು ಮತ್ತೆ ಮತ್ತೆ ಮುಂದಿನಿಂದ ಬಿಗಿ ಮಾಡುವುದರಲ್ಲೇ ಹೆಚ್ಚು ಪ್ಯಾನಲ್‌ಗಳು ಹಾಳಾಗುವುದು.

ಕೆಲವು ಸ್ವಿಚ್ಚಿನ ಜೊತೆ ಮೂತಿ ಇರುವ ಒಂದು ವಾಷರ್ ಬರುತ್ತದೆ. ಒಳಗಿನ ಚಿಕ್ಕ ಹಲ್ಲು ಸ್ವಿಚ್ಚಿನ ಕತ್ತಿನ ಕಾಲುವೆಯೊಳಗೆ ಕೂರುತ್ತದೆ, ಹೊರಗಿನ ಬಾಗಿದ ಮೂತಿ ಪ್ಯಾನಲ್‌ನಲ್ಲಿ ಕೊರೆದ ಇನ್ನೊಂದು ಸಣ್ಣ ರಂಧ್ರದೊಳಗೆ. ಕಿಟ್ ಪ್ಯಾನಲ್‌ಗಳಲ್ಲಿ ಆ ಎರಡನೇ ರಂಧ್ರ ಸಾಮಾನ್ಯವಾಗಿ ಇರುವುದಿಲ್ಲ. ರಂಧ್ರ ಇಲ್ಲದೆ ಅದನ್ನು ಮುಂದೆ ಹಾಕಿ ಬಿಗಿ ಮಾಡಿದರೆ ಆ ಮೂತಿ ನೇರವಾಗಿ ಪದರದೊಳಗೆ ಇಳಿಯುತ್ತದೆ. ಅಂಥ ಕಡೆ ಅದನ್ನು ಹಾಕಲೇಬೇಡಿ. ಸ್ವಿಚ್ಚಿನ ಕಾಲುಗಳು ಪ್ಯಾನಲ್ ಹಿಂದಿನ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಆಗಿದ್ದರೆ ಅದು ಹೇಗೂ ತಿರುಗುವುದಿಲ್ಲ.

ಬೋರ್ಡಿಗೆ ಬೆಸೆಯುವ ಸ್ವಿಚ್‌ಗಳ ಕಥೆ ಸ್ವಲ್ಪ ಬೇರೆ. ಒಮ್ಮೆ ಬೆಸೆದ ಮೇಲೆ ಹಿಂದಿನ ನಟ್ ಕೈಗೆ ಸಿಗುವುದಿಲ್ಲ. ಅದಕ್ಕೆ ಎತ್ತರ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ನಾನು ಮಾಡಿದ್ದು ಹೀಗೆ. ಪ್ಯಾನಲ್‌ಗೂ ಬೋರ್ಡಿಗೂ ನಡುವೆ ಜ್ಯಾಕುಗಳು, ನಾಬಿನ ಪಾಟ್‌ಗಳು (ನಾಬಿನ ಕೆಳಗಿರುವ ತಿರುಗುವ ಭಾಗ) ಬಿಡುವ ಅಂತರ ಅಳೆದೆ. ಸ್ವಿಚ್ಚಿನ ಹಿಂದಿನ ನಟ್ಟನ್ನು ಅಷ್ಟೇ ಎತ್ತರಕ್ಕೆ ಬರುವ ಹಾಗೆ ಬೆರಳಲ್ಲಿ ತಿರುಗಿಸಿ ನಿಲ್ಲಿಸಿದೆ. ಬೆಸುಗೆ ಹಾಕದೆ ಎಲ್ಲವನ್ನೂ ಬೋರ್ಡಿನ ಮೇಲೆ ಸುಮ್ಮನೆ ಕೂರಿಸಿ, ಮೇಲೆ ಪ್ಯಾನಲ್ ಇಟ್ಟೆ. ಪ್ಯಾನಲ್ ಎಲ್ಲೂ ಕುಂಟದೆ ಸಮನಾಗಿ ಕೂರಬೇಕು. ಒಂದು ಸ್ವಿಚ್ ಎತ್ತರವಾದರೂ ಆ ಮೂಲೆ ಏಳುತ್ತದೆ, ಕಣ್ಣಿಗೇ ಕಾಣುತ್ತದೆ. ಅರ್ಧ ಸುತ್ತು ಇಳಿಸಿ, ಮತ್ತೆ ಇಟ್ಟು, ಮತ್ತೆ ನೋಡಿ. ಈ ಕೆಲಸಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. ಹಿಂದಿನ ನಟ್ ಇಲ್ಲದೆ ಮುಂದಿನದನ್ನೇ ಬಿಗಿ ಮಾಡುತ್ತಾ ಹೋದರೆ ಏನಾಗುತ್ತದೆ ಅಂದರೆ, ನಟ್ ಸ್ವಿಚ್ಚನ್ನು ಮೇಲಕ್ಕೆ ಎಳೆಯುತ್ತದೆ, ಸ್ವಿಚ್ ಬೋರ್ಡನ್ನು ಎಳೆಯುತ್ತದೆ, ಬೋರ್ಡ್ ಬಾಗುತ್ತದೆ, ಕೊನೆಗೆ ಬೆಸುಗೆ ಬಿರುಕು ಬಿಡುತ್ತದೆ. ಆರು ತಿಂಗಳಾದ ಮೇಲೆ ಸ್ವಿಚ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ. ಕಾರಣ ಹುಡುಕೋದು ತುಂಬಾ ಕಷ್ಟ.

ಎಲ್ಲ ಸಮನಾಗಿದೆ ಅಂತ ಖಾತ್ರಿಯಾದ ಮೇಲೆ ಮುಂದಿನ ನಟ್‌ಗಳನ್ನು ಬೆರಳಲ್ಲಿ ಹಾಕಿ, ನಾಲ್ಕು ಸ್ವಿಚ್ಚಿನ ಕಡ್ಡಿಗಳ ಪಕ್ಕಕ್ಕೆ ಒಂದು ಸ್ಕೇಲ್ ಹಿಡಿದು ಸಾಲು ನೇರ ಇದೆಯಾ ನೋಡಿ, ಆಮೇಲೆ ಬೆಸುಗೆ. ಒಂದೊಂದು ಸ್ವಿಚ್ಚಿಗೂ ಮೊದಲು ಒಂದೇ ಕಾಲು ಬೆಸೆದು, ತಿರುಗಿಸಿ ನೋಡಿ, ಓರೆಯಾಗಿದ್ದರೆ ಅದನ್ನೇ ಕರಗಿಸಿ ಸರಿಮಾಡಿಕೊಳ್ಳಿ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಐರನ್ ಇಡಬೇಡಿ, ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕಡ್ಡಿಯ ಟಕ್ ಅನ್ನುವ ಗಟ್ಟಿತನ ಹೋಗಿಬಿಡುತ್ತದೆ. ಪ್ಯಾನಲ್ ಕೆಳಮುಖ ಮಾಡಿ ಬೆಸೆಯುವಾಗ ಕೆಳಗೆ ಏನು ಹಾಸಿದ್ದೀರಿ ನೋಡಿಕೊಳ್ಳಿ. ಮೇಜಿನ ಮೇಲೆ ಬಿದ್ದ ಒಂದು ಕತ್ತರಿಸಿದ ತಂತಿ ತುಂಡು ಸಾಕು, ಪ್ಯಾನಲ್ ಅದರ ಮೇಲೆ ಒಂದು ಇಂಚು ಜರುಗಿದರೆ ಮುಗಿಯಿತು. ನಾನು ಹಳೇ ಬನಿಯನ್ ಮಡಿಸಿ ಹಾಸುತ್ತೇನೆ, ಪ್ರತಿ ಸಲ ಕೊಡವಿ.

ಈಗ ಟೂಲಿನ ವಿಷಯ. ಕಟಿಂಗ್ ಪ್ಲೇಯರ್ ಮುಂದಿನ ಬದಿಗೆ ಬರಲೇಬಾರದು. ಚಿಕ್ಕ ಟಾಗಲ್ ಸ್ವಿಚ್ಚಿನ, ಅಂದರೆ ನಾನು ಕೂರಿಸುತ್ತಿರುವ ಈ ಕಡ್ಡಿ ಸ್ವಿಚ್ಚಿನ, ನಟ್ ಸಾಮಾನ್ಯವಾಗಿ 8 ಮಿಲಿಮೀಟರಿನದು, ಪಾಟ್‌ಗಳದ್ದು 10. ಈ ಎರಡು ಅಳತೆಯ ಟಿ ಸ್ಪ್ಯಾನರ್ (ಅಡ್ಡಕಂಬಿ ಇರುವ ಬಾಕ್ಸ್ ಸ್ಪ್ಯಾನರ್) ಬೈಕ್ ಮೆಕ್ಯಾನಿಕ್‌ಗಳ ಹತ್ತಿರ ಇದ್ದೇ ಇರುತ್ತದೆ, ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. ನಾನು ಅಶೋಕ ರಸ್ತೆ ಕಡೆ ಹೋಗಿ ಎರಡೂ ತಂದೆ. ಕೊಳ್ಳುವಾಗ ಎರಡು ನೋಡಿಕೊಳ್ಳಿ. ಒಳಗೆ ಆಳ ಇರಬೇಕು, ಸ್ವಿಚ್ಚಿನ ಕಡ್ಡಿ ಪೂರ್ತಿ ಒಳಗೆ ಹೋಗುವಷ್ಟು. ಗೋಡೆ ತೆಳ್ಳಗಿರಬೇಕು, ಪಕ್ಕದ ಜ್ಯಾಕಿಗೆ ತಾಗದಷ್ಟು. ಒಳಗೆ ಆರು ಮೂಲೆ ಇರುವುದೇ ಒಳ್ಳೆಯದು, ಹನ್ನೆರಡು ಮೂಲೆಯದು ತೆಳು ನಟ್ಟಿನ ಮೇಲೆ ಬೇಗ ಜಾರುತ್ತದೆ.

ಆದರೂ ನನ್ನ ಹೊಸ ಸ್ಪ್ಯಾನರ್ ಜಾರುತ್ತಲೇ ಇತ್ತು. ಯಾಕೆ ಅಂತ ಭೂತಗನ್ನಡಿ ಇಟ್ಟು ನೋಡಿದೆ. ಸ್ಪ್ಯಾನರಿನ ಬಾಯಿಯ ಒಳ ಅಂಚನ್ನು ಇಳಿಜಾರಾಗಿ ಕೊರೆದಿರುತ್ತಾರೆ, ನಟ್ ಸುಲಭವಾಗಿ ಒಳಗೆ ಹೋಗಲಿ ಅಂತ. ದಪ್ಪ ಬೋಲ್ಟಿಗೆ ಅದರಿಂದ ತೊಂದರೆ ಇಲ್ಲ. ಆದರೆ ಸ್ವಿಚ್ಚಿನ ನಟ್ಟಿನ ದಪ್ಪವೇ ಎರಡು ಮಿಲಿಮೀಟರ್. ಅದರಲ್ಲಿ ಅರ್ಧದಷ್ಟು ಆ ಇಳಿಜಾರಿನಲ್ಲೇ ಹೋದರೆ ಹಿಡಿಯಲು ಏನು ಉಳಿಯಿತು? ಅದಕ್ಕೆ ಬಾಯಿಯನ್ನು ಗ್ರೈಂಡಿಂಗ್ ಕಲ್ಲಿಗೆ ಚಪ್ಪಟೆಯಾಗಿ ಹಿಡಿದು, ಇಳಿಜಾರು ಹೋಗುವವರೆಗೆ ಸವೆಸಿದೆ. ಬಿಸಿಯಾಗದ ಹಾಗೆ ನಡುನಡುವೆ ನೀರಿಗೆ ಅದ್ದುತ್ತಾ. ಸವೆಸಿದ ಮೇಲೆ ಹೊರ ಅಂಚು ಬ್ಲೇಡಿನ ಹಾಗೆ ಚೂಪಾಗಿತ್ತು. ಅದನ್ನು ಹಾಗೇ ಪ್ಯಾನಲ್ ಮೇಲೆ ಇಟ್ಟಿದ್ದರೆ ಗುಂಡನೆಯ ಗೀರು ಗ್ಯಾರಂಟಿ. ನೀರು ಸೋಕಿಸಿದ ನಯವಾದ ಸ್ಯಾಂಡ್ ಪೇಪರಿನಲ್ಲಿ ಹೊರ ಅಂಚನ್ನು ತಿರುಗಿಸಿ ತಿರುಗಿಸಿ ಉಜ್ಜಿದೆ, ಬೆರಳು ಸವರಿದರೆ ಬೆಣ್ಣೆಯ ಹಾಗೆ ಜಾರುವವರೆಗೆ. ಕೊನೆಗೆ ಹೊರಗೋಡೆಗೆ ಎರಡು ಸುತ್ತು ಇನ್ಸುಲೇಶನ್ ಟೇಪ್ ಸುತ್ತಿದೆ, ಪಕ್ಕದ ನಾಬಿಗೆ ತಾಗಿದರೂ ಏನೂ ಆಗಬಾರದು ಅಂತ. ಈಗ ನಟ್ಟಿನ ಮೇಲೆ ಇಟ್ಟರೆ ಅದು ಬುಡದವರೆಗೂ ಕೂರುತ್ತದೆ. ಸ್ವಲ್ಪವೂ ಆಟ ಇಲ್ಲ.

ಸ್ಪ್ಯಾನರಿನ ಅಡ್ಡಕಂಬಿ ತೆಗೆದಿಟ್ಟು, ಕೊಳವೆಯನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಅಷ್ಟು ಬಲ ಸಾಕು. ಬೆರಳಲ್ಲಿ ನಿಂತ ಜಾಗದಿಂದ ಸುತ್ತಿನ ಎಂಟನೇ ಒಂದು ಭಾಗ, ಹೆಚ್ಚೆಂದರೆ ಕಾಲು ಭಾಗ. ಇದು ಗಾಡಿಯ ಚಕ್ರ ಅಲ್ಲ, ಕಳಚಿ ಬೀಳುವುದಿಲ್ಲ.

ಪ್ಯಾನಲ್‌ಗೂ ಸ್ಪ್ಯಾನರಿಗೂ ನಡುವೆ ಇಡಲು ಹಳೇ ಎಕ್ಸ್‌ರೇ ಫಿಲ್ಮ್ ತುಂಬಾ ಚೆನ್ನಾಗಿದೆ. ಪ್ರತಿ ಮನೆಯ ಬೀರುವಿನಲ್ಲೂ ಒಂದು ಇರುತ್ತದೆ ಅಲ್ವಾ. ತೆಳು, ಗಟ್ಟಿ, ನುಣುಪು. ಅದರಲ್ಲಿ ನಟ್ ಮಾತ್ರ ತೂರುವಷ್ಟು, ಹತ್ತು ಮಿಲಿಮೀಟರಿನ ಒಂದು ತೂತು ಮಾಡಿ ನಟ್ಟಿನ ಸುತ್ತ ಇಟ್ಟರೆ ಸ್ಪ್ಯಾನರಿನ ಅಂಚು ಫಿಲ್ಮ್ ಮೇಲೆ ಕೂರುತ್ತದೆ, ಪ್ಯಾನಲ್ ಮೇಲೆ ಅಲ್ಲ. ಕೆಲಸ ಮುಗಿದ ಮೇಲೆ ನಟ್ಟಿನ ಮೇಲಿಂದಲೇ ಎತ್ತಿ ತೆಗೆಯಬಹುದು. ಕಾರ್ಡ್‌ಬೋರ್ಡ್ ಬಳಸಬೇಡಿ, ದಪ್ಪವಾಗಿ ನಟ್ ಹಿಡಿತಕ್ಕೇ ಸಿಗುವುದಿಲ್ಲ. ಇನ್ನು ನಟ್ಟಿನ ಕೆಳಗೆ ಖಾಯಂ ಆಗಿ ಉಳಿಯುವ ಮೆತ್ತನೆ ವಾಷರನ್ನು ನಾನೇ ಮಾಡಿಕೊಳ್ಳುತ್ತೇನೆ. ಆಫೀಸಿನಲ್ಲಿ ಕಾಗದ ಫೈಲಿಗೆ ಹಾಕಲು ತೂತು ಹೊಡೆಯುವ ಪಂಚಿಂಗ್ ಮೆಷಿನ್ ಇರುತ್ತದಲ್ಲ, ಅದರ ತೂತು ಸಾಮಾನ್ಯವಾಗಿ 6 ಮಿಲಿಮೀಟರ್. ಟಾಗಲ್ ಸ್ವಿಚ್ಚಿನ ಕತ್ತೂ ಹೆಚ್ಚುಕಡಿಮೆ ಅಷ್ಟೇ. ಪಾರದರ್ಶಕ ಓಎಚ್‌ಪಿ ಶೀಟಿನಲ್ಲಿ ಪಂಚ್ ಮಾಡಿ, ಸುತ್ತಲೂ ನಟ್ಟಿಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿದರೆ ಕಣ್ಣಿಗೆ ಕಾಣದ ವಾಷರ್ ಸಿದ್ಧ. ಇದನ್ನು ಕಂಡುಕೊಂಡ ದಿನ ತುಂಬಾ ಖುಷಿಯಾಯಿತು, ಒಂದೇ ಶೀಟಿನಲ್ಲಿ ನಲವತ್ತು ಮಾಡಿಟ್ಟುಕೊಂಡೆ.

ಮಾಸ್ಕಿಂಗ್ ಟೇಪ್ ಹಚ್ಚುವವರು ಎರಡು ಎಚ್ಚರಿಕೆ ವಹಿಸಿ. ಟೇಪನ್ನು ಪ್ಯಾನಲ್ ಮೇಲೆ ಅಂಟಿಸಿ ಆಮೇಲೆ ಬ್ಲೇಡಿನಲ್ಲಿ ತೂತು ಕತ್ತರಿಸಬೇಡಿ, ಬ್ಲೇಡು ಟೇಪಿನ ಜೊತೆ ಪದರವನ್ನೂ ಕತ್ತರಿಸುತ್ತದೆ. ಮತ್ತೆ, ಆವತ್ತು ಹಚ್ಚಿದ್ದನ್ನು ಆವತ್ತೇ ತೆಗೆಯಿರಿ. ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕ ಎರಡು ದಿನ ಬಿಟ್ಟರೆ ಅಂಟು ಅಚ್ಚಿನ ಅಕ್ಷರಗಳನ್ನೇ ಹಿಡಿದುಕೊಳ್ಳುತ್ತದೆ. ತೆಗೆಯುವಾಗ ಮೇಲಕ್ಕೆ ಕೀಳದೆ, ಟೇಪನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ.

ನಟ್‌ಗಳನ್ನು ಬೆರೆಸಬೇಡಿ. ಇದು ಚಿಕ್ಕ ಮಾತು ಅನ್ನಿಸಬಹುದು, ಆದರೆ ಮುಖ್ಯ. ಟಾಗಲ್ ಸ್ವಿಚ್ಚುಗಳಲ್ಲಿ ಎರಡು ಜಾತಿ ಇವೆ. ಒಂದರ ಕತ್ತು 6 ಮಿಲಿಮೀಟರ್, ಇನ್ನೊಂದರದ್ದು ಕಾಲು ಇಂಚು, ಅಂದರೆ 6.35. ಎರಡರ ನಟ್ಟೂ ನೋಡಲು ಒಂದೇ, ಸ್ಪ್ಯಾನರೂ ಒಂದೇ. ಆದರೆ ಥ್ರೆಡ್ ಬೇರೆ. ಮೊದಲನೆಯದರಲ್ಲಿ ಸುತ್ತಿನಿಂದ ಸುತ್ತಿಗೆ 0.75 ಮಿಲಿಮೀಟರ್, ಎರಡನೆಯದರಲ್ಲಿ ಇಂಚಿಗೆ 40 ಸುತ್ತು, ಅಂದರೆ 0.635. ಅದಲುಬದಲಾದರೆ ಒಂದು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬಿಗಿಯೇ ಆಗದೆ ಸುಮ್ಮನೆ ಸುತ್ತುತ್ತದೆ. ನಾವು ಬಲ ಹಾಕುತ್ತೇವೆ, ಸ್ಪ್ಯಾನರ್ ಜಾರುತ್ತದೆ. ಬೆರಳಲ್ಲಿ ಸಲೀಸಾಗಿ ಹೋಗದ ನಟ್ ಆ ಸ್ವಿಚ್ಚಿನದಲ್ಲ ಅಂತಲೇ ತಿಳಿಯಿರಿ.

ಎಲ್ಲ ಪ್ಯಾನಲ್ಲೂ ಅನೋಡೈಸ್ ಆಗಿರುವುದಿಲ್ಲ. ಪೌಡರ್ ಕೋಟಿಂಗ್ ಆಗಿದ್ದರೆ ಪದರ ದಪ್ಪ, 60ರಿಂದ 100 ಮೈಕ್ರಾನ್. ಸಣ್ಣಪುಟ್ಟ ಗೀರು ತಡೆಯುತ್ತದೆ, ಆದರೆ ರಂಧ್ರದ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಇನ್ನೊಂದು ತೊಂದರೆ, ಕೋಟಿಂಗ್ ರಂಧ್ರದೊಳಗೂ ಹೋಗಿ ಕೂತಿರುತ್ತದೆ. ಎರಡೂ ಕಡೆ 80 ಮೈಕ್ರಾನ್ ಸೇರಿದರೆ ರಂಧ್ರ 0.16 ಮಿಲಿಮೀಟರ್ ಚಿಕ್ಕದಾಯಿತು. ಸ್ವಿಚ್ ಒಳಗೆ ಹೋಗುವುದಿಲ್ಲ. ಆಗ ಸ್ವಿಚ್ಚನ್ನು ತುರುಕಬೇಡಿ, ಹಿಂದಿನಿಂದ ಒತ್ತಿದರೆ ಮುಂದಿನ ಅಂಚಿನ ಬಣ್ಣ ಎದ್ದು ಬರುತ್ತದೆ. ಸಣ್ಣ ಗುಂಡು ಅರ ತಗೊಂಡು ಮುಂದಿನಿಂದ ಹಿಂದಕ್ಕೆ ಮಾತ್ರ ತಳ್ಳಿ ಉಜ್ಜಿ. ತಳ್ಳುವಾಗ ಬಣ್ಣ ಲೋಹಕ್ಕೆ ಒತ್ತಿಕೊಳ್ಳುತ್ತದೆ, ಎಳೆಯುವಾಗ ಕಿತ್ತು ಬರುತ್ತದೆ. ಪ್ರತಿ ಸಲ ಅರ ಎತ್ತಿ ವಾಪಸ್ ತಂದು ಮತ್ತೆ ತಳ್ಳಿ. ಸರ್ಕ್ಯೂಟ್ ಬೋರ್ಡಿನ ವಸ್ತುವಿನಲ್ಲೇ ಮಾಡಿದ ಪ್ಯಾನಲ್‌ಗಳೂ ಈಗ ಬಹಳ ಬರುತ್ತವೆ, ಅದರ ಮೇಲಿನ ಬಣ್ಣದ ಪದರ ತೀರಾ ತೆಳು, ಕೆಳಗೆ ತಾಮ್ರ ಇದ್ದರೆ ಗೀರು ಕೆಂಪಗೆ ಹೊಳೆಯುತ್ತದೆ. ಅದಕ್ಕೂ ಮೇಲೆ ಹೇಳಿದ ಫಿಲ್ಮ್, ವಾಷರ್ ಎರಡೂ ಬೇಕು.

ಬೆಸುಗೆಯ ಅಂಟು ಪ್ಯಾನಲ್ ಮೇಲೆ ಬಿದ್ದರೆ ಥಿನ್ನರ್ ಹಾಕಬೇಡಿ, ಅಸಿಟೋನ್ ಅಂತೂ ಬೇಡವೇ ಬೇಡ. ಅಚ್ಚಿನ ಶಾಯಿ ಒರೆಸಿದ ಬಟ್ಟೆಯಲ್ಲೇ ಬಂದುಬಿಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಕಿವಿಗೆ ಹಾಕುವ ಹತ್ತಿಕಡ್ಡಿಗೆ ಹಚ್ಚಿ, ಮೊದಲು ಕಾಣದ ಮೂಲೆಯ ಅಕ್ಷರದ ಮೇಲೆ ಪರೀಕ್ಷೆ ಮಾಡಿ, ಆಮೇಲೆ ಒರೆಸಿ.

ಇದನ್ನೆಲ್ಲ ಕಲಿತು ಮೂರನೇ ಮತ್ತು ನಾಲ್ಕನೇ ಸ್ವಿಚ್ ಕೂರಿಸಿದೆ. ಬೆಳಕಿಗೆ ಹಿಡಿದು ಎಲ್ಲ ಕಡೆಯಿಂದ ನೋಡಿದೆ, ಒಂದು ಕೂದಲೆಳೆಯಷ್ಟೂ ಗುರುತಿಲ್ಲ. ಒಂದನೆಯದನ್ನೂ ಎರಡನೆಯದನ್ನೂ ಬಿಚ್ಚಿ ಹೊಸ ರೀತಿಯಲ್ಲೇ ಮತ್ತೆ ಹಾಕಿದೆ. 2 ಅನ್ನೋ ಅಂಕಿಯ ಮೇಲಿನ ಗೀರು ಮಾತ್ರ ಹಾಗೇ ಇದೆ. ಬೇರೆ ಪ್ಯಾನಲ್ ತರಿಸಿ ಹಾಕಿಕೊಡುತ್ತೇನೆ ಅಂದರೆ ಅತ್ತೆ ಒಪ್ಪಲಿಲ್ಲ. "ಇರ್ಲಿ ಬಿಡೋ, ಮಕ್ಕಳಿಗೆ ಸಾರಣೆ ಯಾವ್ದು ಅಂತ ತೋರಿಸೋಕೆ ಸುಲಭ ಆಯ್ತು" ಅಂದರು. ನಿಜವಾಗಿಯೂ ಹಾಗೇ ಆಗಿದೆ. ಹೋದ ವಾರ ನಾನು ಹೋದಾಗ ಏಳು ವರ್ಷದ ಹುಡುಗಿಯೊಬ್ಬಳು ಗೀರಿನ ಸ್ವಿಚ್ ಆರಿಸಿ, ಹಚ್ಚಿ, ಆರಿಸಿ, ಪ್ರತಿ ಸಲವೂ ಸರಿಯಾಗಿ ಷಡ್ಜ ಹಿಡಿಯುತ್ತಿದ್ದಳು.

ಈಗ ಅತ್ತೆಗೆ ಐದನೇ ಸ್ವಿಚ್ ಬೇಕಂತೆ. ಹಿಂದೋಳ ಹೇಳಿಕೊಡುವಾಗ ಪಂಚಮ ಬರುವುದಿಲ್ಲವಲ್ಲ, ಆಗ ಪಂಚಮದ ಜಾಗದಲ್ಲಿ ಮಧ್ಯಮ ನುಡಿಯಬೇಕು. ಎರಡು ಶ್ರುತಿಯ ನಡುವೆ ಬದಲಿಸುವ ಒಂದು ಟಾಗಲ್ ಸಾಕು. ಆದರೆ ಅದಕ್ಕೆ ಮುಗಿದಿರುವ ಪ್ಯಾನಲ್‌ನಲ್ಲೇ ಹೊಸ ರಂಧ್ರ ಕೊರೆಯಬೇಕು. ಎರಡೂ ಮುಖಕ್ಕೆ ಟೇಪ್, ಹಿಂದೆ ಮುಂದೆ ಪ್ಲೈವುಡ್ ತುಂಡು ಒತ್ತಿ ಬಿಗಿದು, ಮೊದಲು 3 ಮಿಲಿಮೀಟರಿನ ಬಿಟ್, ಆಮೇಲೆ ಮೆಟ್ಟಿಲು ಬಿಟ್ಟಿನಲ್ಲಿ 6ರವರೆಗೆ, ಮುಂದಿನಿಂದಲೇ ಕೊರೆಯಬೇಕು, ಚೂಪು ಅಂಚು ಏಳುವುದು ಹಿಂದೆ ಇರಲಿ ಅಂತ. ಗುರುತು ಹಾಕಿ ಆಗಿದೆ. ಒಂದನೇ ಸ್ವಿಚ್ಚಿನ ಎಡಕ್ಕೆ, 14 ಮಿಲಿಮೀಟರ್ ದೂರದಲ್ಲಿ. ಟೇಪ್ ಬೆಳಿಗ್ಗೆಯೇ ಹಚ್ಚುತ್ತೇನೆ, ಸಂಜೆಯೊಳಗೆ ತೆಗೆಯಬೇಕಲ್ಲ.